ಶೋಕೇಸಿನ ಕೆಂಪು ಕಾರು ಹೇಳದ ಎಂಜೊ ಫೆರಾರಿ ಕತೆ

ಅಂಗೈ ಮೇಲೆ ಕೂರುವ 1:43 ಅಳತೆಯ ಹಳೇ ಫೆರಾರಿ ಮಾಡೆಲ್‌ಗಳನ್ನು ಜಗತ್ತಿನ ಎಲ್ಲೆಡೆ ಜನ ಕೂಡಿಡ್ತಾರೆ. ಕಡ್ಡಿ ಚಕ್ರ, ಸ್ಟೀರಿಂಗ್, ಮೂತಿ ಮೇಲಿನ ಕುದುರೆ, ಎಲ್ಲವೂ ಪಕ್ಕಾ. ಆ ಹೆಸರಿನ ಮನುಷ್ಯನ ಬದುಕು ಮಾತ್ರ ಅಷ್ಟು ನುಣುಪಾಗಿರಲಿಲ್ಲ.

ಎಂಜೊ ಫೆರಾರಿ ಹುಟ್ಟಿದ್ದು 1898ರಲ್ಲಿ, ಇಟಲಿಯ ಮೊಡೆನಾದಲ್ಲಿ. 1916ರಲ್ಲಿ ಅಪ್ಪ, ಅಣ್ಣ ಇಬ್ಬರೂ ತೀರಿಕೊಂಡರು. ಮೊದಲ ಮಹಾಯುದ್ಧದಲ್ಲಿ ಸೇನೆ ಸೇರಿದಾಗ ಸಿಕ್ಕ ಕೆಲಸ ಹೇಸರಗತ್ತೆಗಳಿಗೆ ಲಾಳ ಹೊಡೆಯೋದು. ಮುಂದೆ ಆಲ್ಫಾ ರೋಮಿಯೊ ಕಾರು ಓಡಿಸಿದರು, 1929ರಲ್ಲಿ ರೇಸಿಂಗ್ ತಂಡ ಕಟ್ಟಿದರು. ಫೆರಾರಿ ಹೆಸರಿನ ಮೊದಲ ಕಾರು ಮರನೆಲ್ಲೊ ಕಾರ್ಖಾನೆಯಿಂದ ಹೊರಬಂದದ್ದು 1947ರಲ್ಲಿ.

1956ರಲ್ಲಿ 24 ವರ್ಷದ ಮಗ ಡಿನೊ ಸ್ನಾಯುಕ್ಷಯದಿಂದ ತೀರಿಕೊಂಡ. ಮರುವರ್ಷ ಮಿಲ್ಲೆ ಮಿಲ್ಯಾ ರಸ್ತೆ ರೇಸಿನಲ್ಲಿ ಟೈರ್ ಸಿಡಿದ ಫೆರಾರಿಯೊಂದು ಜನರ ಮೇಲೆ ನುಗ್ಗಿತು. ಚಾಲಕ, ಸಹಚಾಲಕರ ಜೊತೆ ರೇಸ್ ನೋಡಲು ನಿಂತಿದ್ದ 9 ಜನ ಸತ್ತರು. ಅವರಲ್ಲಿ 5 ಮಕ್ಕಳು. ಎಂಜೊ ಮೇಲೆ ಕೇಸು ಬಿತ್ತು, 1961ರಲ್ಲಿ ಖುಲಾಸೆಯೂ ಆಯ್ತು. ಅದರ ಮುಂದಿನ ವರ್ಷ ಬಂದ 250 ಜಿಟಿಒ ಕಾರುಗಳನ್ನು ಕಟ್ಟಿದ್ದು ಬರೀ 36. ಇವತ್ತು ಅವು ಕೋಟ್ಯಧಿಪತಿಗಳ ಸೊತ್ತು. ಉಳಿದವರಿಗೆ ಮಾಡೆಲ್ಲೇ ಗತಿ.

1969ರಲ್ಲಿ ಕಂಪನಿಯ ಅರ್ಧ ಪಾಲು ಫಿಯೆಟ್‌ಗೆ ಹೋದರೂ ಎಂಜೊ ರೇಸಿಂಗ್ ಮೇಲಿನ ಹಿಡಿತ ಬಿಡಲಿಲ್ಲ. 1988ರ ಆಗಸ್ಟಿನಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಮಾಡೆಲ್ ಕೊಳ್ಳೋದು ತಪ್ಪೇನಲ್ಲ. 1957ರ ಕಾರನ್ನು ಶೆಲ್ಫಿಗೆ ಏರಿಸುವಾಗ ರಸ್ತೆ ಬದಿ ನಿಂತಿದ್ದ ಆ ಮಕ್ಕಳೂ ನೆನಪಿರಲಿ, ಅಷ್ಟೇ.