ಸರ್ ಎಂ. ವಿಶ್ವೇಶ್ವರಯ್ಯ: ಇಂಜಿನಿಯರಿಂಗ್ ವ್ಯಾಸಂಗ ಮತ್ತು ಮಂಡ್ಯ ಸೀಮೆಯ ನೀರಾವರಿ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ರೈತರು ವಿ.ಸಿ. ನಾಲೆ ಎಂದು ಕರೆಯುವ ವಿಶ್ವೇಶ್ವರಯ್ಯ ನಾಲೆಯು ಯಾರ ಹೆಸರನ್ನು ಹೊತ್ತಿದೆಯೋ ಆ ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈ ಜಿಲ್ಲೆಯವರಲ್ಲ. ಅವರು ಜನಿಸಿದ್ದು ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಇಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತಿದೆ. ಅವರ ಕೀರ್ತಿ ಸರ್ವವಿದಿತ. ಆದರೆ ಅವರು ಇಂಜಿನಿಯರಿಂಗ್‌ನ ಮೂಲಪಾಠಗಳನ್ನು ಕಲಿತ ಬಗೆ ಮತ್ತು ಆ ಪಾಠವು ಕನ್ನಂಬಾಡಿಯ ತಳಪಾಯದಲ್ಲಿ ಪರೀಕ್ಷೆಗೊಳಗಾದ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಬಾಲ್ಯದಲ್ಲಿಯೇ ತಂದೆ ಶ್ರೀನಿವಾಸಶಾಸ್ತ್ರಿಗಳನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯ ಪಡೆದು, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಅಂದಿನ ಮೈಸೂರು ಸಂಸ್ಥಾನದಲ್ಲಿ ಇಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಸಂಸ್ಥಾನವು ನೀಡಿದ ವಿದ್ಯಾರ್ಥಿವೇತನದಿಂದಲೇ ಅವರು ಪುಣೆಯ ವಿಜ್ಞಾನ ಕಾಲೇಜನ್ನು ಸೇರಲು ಸಾಧ್ಯವಾಯಿತು. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿ, ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ನೇಮಕಗೊಂಡರು. ಖಾನದೇಶದಲ್ಲಿ ಪಂಜ್ರಾ ನದಿಗೆ ಅಡ್ಡಲಾಗಿ ಕೊಳವೆಯ ಸೈಫನ್ ನಿರ್ಮಾಣ, ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು ಮುಂತಾದವು ಆ ಕಾಲದ ಕಾರ್ಯಗಳು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿ ಬಂದರು. ಆಗ ಮಂಡ್ಯ ಸೀಮೆಯ ಬಹುಭಾಗ ಮಳೆ ಮತ್ತು ಕೆರೆಗಳನ್ನೇ ನಂಬಿದ್ದ ಪ್ರದೇಶ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಸಂಸ್ಥಾನದ ಸುಮಾರು ಐದನೇ ಒಂದು ಭಾಗದಷ್ಟು ಜನರು ಅಸುನೀಗಿದ್ದರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಉತ್ಪಾದನೆಯಾಗಿ ಕೋಲಾರದ ಚಿನ್ನದ ಗಣಿಗಳಿಗೆ ಸರಬರಾಜಾಗುತ್ತಿದ್ದರೂ, ಬೇಸಿಗೆಯಲ್ಲಿ ಕಾವೇರಿಯ ಹರಿವು ಸಾಲದೆ ತೊಂದರೆಯಾಗುತ್ತಿತ್ತು. ಈ ಎರಡೂ ಕೊರತೆಗಳಿಗೆ ಕನ್ನಂಬಾಡಿಯ ಬಳಿ ಅಣೆಕಟ್ಟೆಯೊಂದೇ ಪರಿಹಾರವೆಂದು ಅವರು ಯೋಜನೆ ರೂಪಿಸಿದರು. ಹಣಕಾಸಿನ ಕಡೆಯಿಂದ ಬಂದ ಆಕ್ಷೇಪಣೆಗಳನ್ನು ದಾಟಿ, 1911ರಲ್ಲಿ 81 ಲಕ್ಷ ರೂಪಾಯಿಗಳ ಮಂಜೂರಾತಿ ದೊರೆಯಿತು.

ನಿಜವಾದ ತೊಡಕು ಎದುರಾದದ್ದು ಮದರಾಸು ಸರ್ಕಾರದಿಂದ. ವಿಶ್ವೇಶ್ವರಯ್ಯನವರ ಯೋಜನೆ ಸುಮಾರು 124 ಅಡಿ ಎತ್ತರದ್ದು. ಒಪ್ಪಿಗೆ ದೊರೆತದ್ದು 80 ಅಡಿಗೆ ಮಾತ್ರ. ನಿಂತ ನೀರಿನ ಒತ್ತಡವು ಆಳ ಹೆಚ್ಚಿದಂತೆ ಹೆಚ್ಚುತ್ತದೆ. ಆದ್ದರಿಂದ ಕಟ್ಟೆಯ ಮೇಲೆ ಬೀಳುವ ಒಟ್ಟು ನೂಕುಬಲವು ನೀರಿನ ಎತ್ತರದ ವರ್ಗಕ್ಕೂ, ಕಟ್ಟೆಯನ್ನು ಬುಡದಿಂದ ಮಗುಚಲೆತ್ನಿಸುವ ಬಲವು ಅದರ ಘನಕ್ಕೂ ಅನುಗುಣವಾಗಿ ಏರುತ್ತದೆ. 80 ಅಡಿಯಿಂದ 124 ಅಡಿಗೆ ಹೋದರೆ ಎತ್ತರ ಹೆಚ್ಚುವುದು ಒಂದೂವರೆಯಷ್ಟು. ನೂಕುಬಲ ಸುಮಾರು 2.4 ಪಟ್ಟು, ಮಗುಚುವ ಬಲ ಸುಮಾರು 3.7 ಪಟ್ಟು. ಇಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಯು ಯಂತ್ರಶಾಸ್ತ್ರದ ಪಾಠದಲ್ಲಿ ಕಲಿಯುವ ಲೆಕ್ಕವಿದು. ತನ್ನ ತೂಕದಿಂದಲೇ ನಿಲ್ಲಬೇಕಾದ ಕಲ್ಲಿನ ಕಟ್ಟೆಗೆ ಬುಡದ ಅಗಲವೇ ಆಧಾರ. 80 ಅಡಿಗೆ ತಕ್ಕಂತೆ ಬುಡ ಹಾಕಿ ಮುಗಿಸಿದ ಮೇಲೆ ಎತ್ತರಿಸಲು ಹೊರಟರೆ ಕೆಲಸ ಬಹುಮಟ್ಟಿಗೆ ಮತ್ತೆ ಮೊದಲಿನಿಂದಲೇ ಆರಂಭವಾಗಬೇಕಿತ್ತು.

ಅವರು ಪೂರ್ಣ ಎತ್ತರಕ್ಕೆ ಬೇಕಾದ ತಳಪಾಯವನ್ನೇ ಹಾಕಿಸಿದರು. ಲೆಕ್ಕಪತ್ರದ ದೃಷ್ಟಿಯಿಂದ ಇದು ಸಣ್ಣ ಸಾಹಸವಲ್ಲ. ಅನುಮತಿ ದೊರೆಯದೇ ಹೋಗಿದ್ದರೆ ಹೆಚ್ಚುವರಿ ವೆಚ್ಚವೆಲ್ಲ ನದಿಯ ತಳದಲ್ಲಿ ಹೂತುಹೋಗುತ್ತಿತ್ತು. ಮದರಾಸು ಸರ್ಕಾರ ಪ್ರತಿಭಟಿಸಿತು. 1914ರ ಪಂಚಾಯ್ತಿ ತೀರ್ಪು ಮೈಸೂರಿಗೆ ಅನುಕೂಲವಾಗಿದ್ದರೂ ವಿವಾದ ಮುಂದುವರಿದು, 1924ರ ಒಪ್ಪಂದದಿಂದ ಇತ್ಯರ್ಥವಾಯಿತು. ಕೆಳಭಾಗದ ರೈತರ ಆತಂಕವೂ ನಿರಾಧಾರವಾದುದಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಿಂದ ಕಟ್ಟಿದ ಅಣೆಕಟ್ಟೆ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು.

ಅಲ್ಲಿಂದ ಹೊರಟ ನಾಲೆಗೆ ಆಗಿನ ವೈಸರಾಯ್ ಇರ್ವಿನ್ ಅವರ ಹೆಸರಿಡಲಾಗಿತ್ತು. ದಾರಿಗೆ ಅಡ್ಡವಾಗಿದ್ದ ದಿಣ್ಣೆಯನ್ನು ಹುಲಿಕೆರೆಯಲ್ಲಿ ಸುಮಾರು 2.8 ಕಿ.ಮೀ. ಸುರಂಗದ ಮೂಲಕ ದಾಟಿದ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿಯಿತು. ರಾಗಿಯ ಹೊಲಗಳು ಗದ್ದೆಗಳಾದವು, ಕಬ್ಬು ಬಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು.

ಅಣೆಕಟ್ಟೆ ಮುಗಿಯುವ ಬಹಳ ಮೊದಲೇ, 1918ರಲ್ಲಿ, ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ತ್ಯಜಿಸಿದ್ದರು. ಆ ಆರು ವರ್ಷಗಳ ಆಡಳಿತದಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾದವು. ತಾವು ಪುಣೆಗೆ ಹೋಗಿ ಕಲಿತ ವಿದ್ಯೆಯು ಸಂಸ್ಥಾನದ ಮಕ್ಕಳಿಗೆ ಸಂಸ್ಥಾನದಲ್ಲಿಯೇ ದೊರೆಯುವಂತಾಯಿತು. ಆದರೂ ನಾಲೆಯ ಬಯಲಿನ ಹಳ್ಳಿಗಳ ಯುವಕರಿಗೆ ಬೆಂಗಳೂರಿನ ವಾಸ ಮತ್ತು ಊಟದ ಖರ್ಚು ಹಗುರವಾದುದಾಗಿರಲಿಲ್ಲ.

1955ರಲ್ಲಿ ಭಾರತರತ್ನ ಪುರಸ್ಕೃತರಾದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಅದೇ 1962ರಲ್ಲಿ, ಕೆ.ವಿ. ಶಂಕರಗೌಡರ ಪ್ರಯತ್ನದಿಂದ ಮಂಡ್ಯ ಪಟ್ಟಣದಲ್ಲಿಯೇ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಆರಂಭಗೊಂಡು, ಮದ್ದೂರು ಮತ್ತು ಮಳವಳ್ಳಿಯ ರೈತರ ಮಕ್ಕಳಿಗೆ ಇಂಜಿನಿಯರಿಂಗ್‌ನ ಮೂಲಪಾಠಗಳು ತಮ್ಮ ಜಿಲ್ಲೆಯಲ್ಲಿಯೇ ಲಭ್ಯವಾದವು.