ಕಾರಾಪುರದ ಮಾವುತನ ಮಗ ಸಾಬು

ಸಕಲೇಶಪುರ, ಆಲೂರು ಕಡೆಯ ಮಕ್ಕಳಿಗೆ ಆನೆಯನ್ನು ಪುಸ್ತಕದ ಚಿತ್ರ ತೋರಿಸಿ ಪರಿಚಯಿಸಬೇಕಾಗಿಲ್ಲ. ಬೆಳಿಗ್ಗೆ ಕಾಫಿ ತೋಟದ ಕೆಲಸಕ್ಕೆ ಹೊರಡುವ ತಂದೆತಾಯಿ ಕಾಡಾನೆ ಇಂದು ಯಾವ ಕಡೆ ಇದೆ ಎಂದು ವಿಚಾರಿಸಿಕೊಂಡೇ ಮನೆ ಬಿಡುತ್ತಾರೆ. ಗದ್ದೆ ತುಳಿದ ಆನೆ, ಕೂಲಿಯವರನ್ನು ಕೊಂದ ಆನೆ, ವಿದ್ಯುತ್ ತಂತಿ ತಗುಲಿ ಸತ್ತ ಆನೆ, ಇವೇ ಇಲ್ಲಿನ ಮನೆಗಳಲ್ಲಿ ದಿನನಿತ್ಯದ ಮಾತು. ಇಂಥ ಮಕ್ಕಳಿಗೆ ಹೇಳಲೇಬೇಕಾದ ಒಂದು ಜೀವನಚರಿತ್ರೆ ನಮ್ಮ ನಾಡಿನಲ್ಲೇ ಇದೆ. ಆನೆ ಲಾಯದಲ್ಲಿ ಬೆಳೆದು, ಜಗತ್ತಿನ ಚಿತ್ರರಂಗದಲ್ಲಿ ಹೆಸರು ಮಾಡಿದ ಮೈಸೂರು ಸೀಮೆಯ ಮುಸ್ಲಿಂ ಬಾಲಕ ಸಾಬುವಿನ ಚರಿತ್ರೆ ಅದು.

ಸೇಲಾರ್ ಶೇಖ್ ಸಾಬು ಜನಿಸಿದ್ದು 1924ರ ಜನವರಿ 27ರಂದು, ಹೆಗ್ಗಡದೇವನಕೋಟೆ ತಾಲೂಕಿನ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತರು. ನಮ್ಮ ರಾಜ್ಯದಲ್ಲಿ ಆನೆ ಪಳಗಿಸುವ ವಿದ್ಯೆ ಹೆಚ್ಚಾಗಿ ಎರಡು ಜನವರ್ಗಗಳ ಕೈಯಲ್ಲಿ ಉಳಿದುಬಂದಿದೆ. ಒಂದು ಜೇನುಕುರುಬರು, ಇನ್ನೊಂದು ಮುಸ್ಲಿಮರು. ತಂದೆಯಿಂದ ಮಗ ನೋಡಿ ಕಲಿಯುವ ವಿದ್ಯೆ ಇದು. ಇದಕ್ಕೆ ಶಾಲೆಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಸಾಬುವಿಗೆ ಅಷ್ಟು ಕಲಿಯುವ ಅವಕಾಶವೂ ಪೂರ್ತಿ ದೊರೆಯಲಿಲ್ಲ. ಚಿಕ್ಕಂದಿನಲ್ಲೇ ತಾಯಿಯನ್ನು, ಬಳಿಕ ತಂದೆಯನ್ನು ಕಳೆದುಕೊಂಡು ಅನಾಥನಾದನು. ಅರಮನೆಯ ಆನೆ ಲಾಯವೇ ಅವನಿಗೆ ಆಶ್ರಯವಾಯಿತು. ಆಸರೆಗೆ ಅಣ್ಣ ದಸ್ತಗೀರ್ ಒಬ್ಬನಿದ್ದನು.

1935ರಲ್ಲಿ ಅಮೆರಿಕದ ಪ್ರಸಿದ್ಧ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ರುಡ್ಯಾರ್ಡ್ ಕಿಪ್ಲಿಂಗ್ ಬರೆದ ಆನೆ ಮತ್ತು ಮಾವುತನ ಮಗನ ಕಥೆಯೊಂದನ್ನು ಚಿತ್ರ ಮಾಡುವುದು ಅವರ ಉದ್ದೇಶ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಆನೆಗಳನ್ನೂ ಕಾಡನ್ನೂ ಒದಗಿಸಿತು. ಆದರೆ ಮುಖ್ಯ ಪಾತ್ರಕ್ಕೆ ಬೇಕಾದ ಹುಡುಗನೇ ಸಿಕ್ಕಿರಲಿಲ್ಲ. ಹುಡುಕಾಟದಲ್ಲಿ ಛಾಯಾಗ್ರಾಹಕ ಆಸ್ಮಂಡ್ ಬೊರಡೈಲ್ ಅವರ ಕಣ್ಣಿಗೆ ಬಿದ್ದವನೇ ಹನ್ನೊಂದು ವರ್ಷದ ಸಾಬು. ಅವನಿಗೆ ನಟನೆ ಗೊತ್ತಿರಲಿಲ್ಲ, ಇಂಗ್ಲಿಷೂ ಬಾರದು. ಆದರೆ ಆನೆಯ ಬಳಿ ಹೇಗೆ ನಿಲ್ಲಬೇಕು, ಹೇಗೆ ಏರಬೇಕು, ಯಾವ ಮಾತಿಗೆ ಅದು ಮಣಿಯುತ್ತದೆ ಎಂಬುದು ಗೊತ್ತಿತ್ತು. ಅವನ ಭಾಗ್ಯದ ಬಾಗಿಲು ತೆರೆದದ್ದು ಆ ತಿಳಿವಳಿಕೆಯಿಂದಲೇ.

ಚಿತ್ರದ ಹೆಸರು 'ಎಲಿಫೆಂಟ್ ಬಾಯ್'. ಫ್ಲಾಹರ್ಟಿ ಮತ್ತು ಜೋಲ್ಟನ್ ಕೊರ್ಡಾ ಸೇರಿ ನಿರ್ದೇಶಿಸಿದ ಈ ಚಿತ್ರ 1937ರಲ್ಲಿ ತೆರೆಕಂಡಿತು. ಇಡೀ ಕುಟುಂಬ ಕುಳಿತು ನೋಡಿ ಕಣ್ಣೀರು ಒರೆಸಿಕೊಳ್ಳುವಂಥ ಕಥೆ. ಬಾಲಕ ತೂಮಾಯಿಯ ತಂದೆ ಹುಲಿಯ ಬಾಯಿಗೆ ಬೀಳುತ್ತಾನೆ. ಅವನ ಆನೆ ಕಾಲಾನಾಗ್ ಒಡೆಯನ ಸಾವಿನ ದುಃಖದಲ್ಲಿ ಹುಚ್ಚೆದ್ದಂತಾಗುತ್ತದೆ. ಆಗ ಆನೆಯನ್ನು ಕ್ರೂರಿಯಾದ ಬೇರೊಬ್ಬ ಮಾವುತನ ವಶಕ್ಕೆ ಕೊಡಲಾಗುತ್ತದೆ. ಅವನ ಹಿಂಸೆ ತಾಳಲಾರದೆ ಆನೆ ತಿರುಗಿಬಿದ್ದು ಅವನನ್ನು ಗಾಯಗೊಳಿಸುತ್ತದೆ. ಹೊಡೆದವನು ದೂರುದಾರನಾಗುತ್ತಾನೆ, ಹೊಡೆಸಿಕೊಂಡ ಪ್ರಾಣಿ ಗುಂಡಿಗೆ ಗುರಿಯಾಗಬೇಕಾಗುತ್ತದೆ. ತೂಮಾಯಿ ರಾತ್ರೋರಾತ್ರಿ ಆನೆಯನ್ನು ಕಾಡಿಗೆ ಕರೆದೊಯ್ದು ಅದರ ಜೀವ ಉಳಿಸುತ್ತಾನೆ. ಅಲ್ಲಿ ಯಾರೂ ಕಾಣದಿದ್ದ ಕಾಡಾನೆಗಳ ದೊಡ್ಡ ಹಿಂಡನ್ನು ಕಂಡು, ಅದರ ಜಾಡನ್ನು ಬೇಟೆಗಾರರಿಗೆ ತೋರಿಸಿ, ಮಾವುತರೆಲ್ಲರ ಗೌರವಕ್ಕೆ ಪಾತ್ರನಾಗುತ್ತಾನೆ. ವೆನಿಸ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಬಂತು. ತಂದೆಯಿಲ್ಲದ ಹುಡುಗನ ಪಾತ್ರವನ್ನು ತಂದೆಯಿಲ್ಲದ ಹುಡುಗನೇ ಮಾಡಿದ್ದನು.

ಉಳಿದ ಚಿತ್ರೀಕರಣಕ್ಕಾಗಿ ಸಾಬುವನ್ನೂ ಅಣ್ಣನನ್ನೂ ಇಂಗ್ಲೆಂಡಿಗೆ ಕರೆದೊಯ್ದರು. ಅಲ್ಲಿ ಅವನು ಶಾಲೆಗೆ ಸೇರಿ ಇಂಗ್ಲಿಷ್ ಕಲಿತನು. 1938ರಲ್ಲಿ 'ದಿ ಡ್ರಮ್', 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್' ಬಂದವು. ಎರಡನೆಯ ಚಿತ್ರಕ್ಕೆ ಮೂರು ಆಸ್ಕರ್ ಪ್ರಶಸ್ತಿಗಳು ಸಂದವು. 1942ರ 'ಜಂಗಲ್ ಬುಕ್' ಚಿತ್ರದಲ್ಲಿ ಸಾಬು ಕಾಡಿನ ಪ್ರಾಣಿಗಳ ನಡುವೆ ಬೆಳೆದ ಮೌಗ್ಲಿಯಾದರು. ನಿಧಿಯ ಆಸೆಗೆ ಬಿದ್ದ ಮನುಷ್ಯರು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ, ಕಾಡಿಗೆ ಬೆಂಕಿ ಬೀಳುತ್ತದೆ. ಕೊನೆಗೆ ಮೌಗ್ಲಿ ಮನುಷ್ಯರ ಊರನ್ನು ತೊರೆದು ಪ್ರಾಣಿಗಳ ಬಳಿಗೇ ಮರಳುತ್ತಾನೆ.

1944ರಲ್ಲಿ ಸಾಬು ಅಮೆರಿಕದ ಪೌರತ್ವ ಪಡೆದು ಅಲ್ಲಿನ ವಾಯುಸೇನೆಗೆ ಸೇರಿದರು. ಬಿ-24 ಬಾಂಬರ್ ವಿಮಾನಗಳಲ್ಲಿ ಬಂದೂಕುಧಾರಿಯಾಗಿ ಪೆಸಿಫಿಕ್ ರಣರಂಗದಲ್ಲಿ ಹೋರಾಡಿ, ಶೌರ್ಯಕ್ಕಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು. ಯುದ್ಧ ಮುಗಿದ ಮೇಲೆ 1947ರಲ್ಲಿ 'ಬ್ಲ್ಯಾಕ್ ನಾರ್ಸಿಸಸ್' ಎಂಬ ಉತ್ತಮ ಚಿತ್ರದಲ್ಲಿ ನಟಿಸಿದರು. ಆದರೆ ಹಾಲಿವುಡ್ ಅವರನ್ನು ಬೆಳೆದ ಗಂಡಸನ್ನಾಗಿ ನೋಡಲು ಸಿದ್ಧವಿರಲಿಲ್ಲ. ರುಮಾಲು ಸುತ್ತಿದ ಕಾಡುಹುಡುಗನ ಪಾತ್ರಗಳೇ ಮತ್ತೆ ಮತ್ತೆ ಬಂದವು. ಮೆಹಬೂಬ್ ಖಾನ್ ತಮ್ಮ 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಅವರನ್ನೇ ಬಯಸಿದ್ದರು. ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ದೊರೆಯದೆ ಆ ಪಾತ್ರ ಸುನಿಲ್ ದತ್ತ್ ಅವರ ಪಾಲಾಯಿತು. ಹುಟ್ಟಿದ ನಾಡಿನ ಒಂದೇ ಒಂದು ಹಿಂದಿ ಚಿತ್ರದಲ್ಲೂ ಸಾಬು ನಟಿಸದೇ ಹೋದದ್ದು ದೊಡ್ಡ ವಿಪರ್ಯಾಸ.

ಅವರ ಕೊನೆಯ ಚಿತ್ರ ಡಿಸ್ನಿ ಸಂಸ್ಥೆಯ 'ಎ ಟೈಗರ್ ವಾಕ್ಸ್'. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯನ್ನು ಕೊಲ್ಲಲು ಒಂದು ಊರೇ ಬಂದೂಕು ಹಿಡಿದು ನಿಂತಾಗ, ಅದನ್ನು ಜೀವಂತ ಹಿಡಿಯಬೇಕೆಂದು ಮಕ್ಕಳು ಹೋರಾಡುವ ಕಥೆ. ಸಾಬು ಅದರಲ್ಲಿ ಹುಲಿಯ ಸ್ವಭಾವ ಬಲ್ಲ ಭಾರತೀಯ ತರಬೇತುಗಾರ. ಆ ಚಿತ್ರ 1964ರಲ್ಲಿ ತೆರೆಕಂಡಾಗ ಅವರು ಇರಲಿಲ್ಲ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ಕೇವಲ 39 ವರ್ಷ. ಮೊದಲ ಚಿತ್ರದಲ್ಲಿ ಆನೆ, ಕೊನೆಯ ಚಿತ್ರದಲ್ಲಿ ಹುಲಿ. ಎರಡರಲ್ಲೂ ಪ್ರಾಣಿ ರೊಚ್ಚಿಗೇಳುವ ಮೊದಲು ಒಬ್ಬ ಮನುಷ್ಯ ಅದಕ್ಕೆ ಹಿಂಸೆ ಕೊಟ್ಟಿರುತ್ತಾನೆ ಎಂಬುದನ್ನು ಗಮನಿಸಬೇಕು.

ಆದರೆ 'ಎಲಿಫೆಂಟ್ ಬಾಯ್' ಚಿತ್ರವನ್ನು ಇಂದು ನೋಡುವವರಿಗೆ ಇನ್ನೊಂದು ಪ್ರಶ್ನೆ ಏಳದೆ ಇರದು. ಆನೆಯನ್ನು ಹೊಡೆಯುವ ಮಾವುತ ಅಲ್ಲಿ ಖಳನಾಯಕ. ಕಾಡಿನ ಹಿಂಡನ್ನೇ ಸುತ್ತುವರಿದು ಸೆರೆಹಿಡಿಯುವುದು ಮಾತ್ರ ವಿಜಯ. ಸಾಬು ಹುಟ್ಟಿದ ಕಾರಾಪುರದ ಪಕ್ಕದ ಕಾಕನಕೋಟೆ ಖೆಡ್ಡಾಗಳಿಗೆ ಹೆಸರಾದ ಕಾಡು. ತಮಟೆ, ಬೆಂಕಿ, ಗುಂಡಿನ ಸದ್ದಿನಿಂದ ಬೆದರಿಸಿ ಹಿಂಡನ್ನು ಕಬಿನಿ ನದಿ ದಾಟಿಸಿ ಮರದ ದಿಮ್ಮಿಗಳ ಬೇಲಿಯೊಳಗೆ ನೂಕುತ್ತಿದ್ದರು. ಸಾಕಾನೆಗಳನ್ನು ಬಿಟ್ಟು ಕಾಲಿಗೆ ಹಗ್ಗ ಬಿಗಿಸುತ್ತಿದ್ದರು. ತಾಯಿಯಿಂದ ಮರಿ ಬೇರೆಯಾಗುತ್ತಿತ್ತು. ಅದನ್ನು ನೋಡಲು ದೇಶವಿದೇಶದ ಅತಿಥಿಗಳು ಬರುತ್ತಿದ್ದರು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಪದ್ಧತಿ ನಿಂತುಹೋಯಿತು.

ಆ ಕಾಡಿನ ಕಥೆ ನಮ್ಮ ಊರಿಗೂ ಬಂದು ಮುಟ್ಟಿದೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಆನೆಗಳಲ್ಲಿ ಒಂದು ಅರ್ಜುನ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಅದು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತಿತು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಅದನ್ನು ಬಳಸಲಾಯಿತು. ಕಾಡಾನೆಯೊಂದು ಎರಗಿದಾಗ ಹೋರಾಡಿ ಅರ್ಜುನ ಅಲ್ಲೇ ಪ್ರಾಣ ಬಿಟ್ಟಿತು. ಕಾಡಿನಿಂದ ಹಿಡಿದು ತಂದ ಆನೆ, ಮತ್ತೊಂದು ಕಾಡಾನೆಯನ್ನು ಹಿಡಿದುಕೊಡಲು ಹೋಗಿ ಸತ್ತಿತು. ಅದರ ಮಾವುತ ಗೋಳಾಡಿದ್ದನ್ನು ನಾಡೇ ನೋಡಿತು. ದಬ್ಬಳ್ಳಿಕಟ್ಟೆಯಲ್ಲಿ ಅದರ ಸಮಾಧಿಯಿದೆ.

ಹಾಗೆಂದು ತೋಟದಲ್ಲಿ ಆನೆ ತುಳಿತಕ್ಕೆ ಸಿಕ್ಕಿ ಸತ್ತ ಕೂಲಿಯವನ ಮನೆಯವರಿಗೆ ಪ್ರಾಣಿದಯೆಯ ಉಪದೇಶ ಮಾಡುವುದು ಸರಿಯಲ್ಲ. ಅವರ ನೋವು ನಿಜ, ಅವರ ಭಯವೂ ನಿಜ. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಸಮಸ್ಯೆ ಮುಗಿದಿಲ್ಲ. ಆದರೆ ಬೇಲಿಗೆ ಕಳ್ಳತನದ ವಿದ್ಯುತ್ ಹರಿಸುವುದು, ಮರಿಯಿರುವ ಹಿಂಡಿಗೆ ಪಟಾಕಿ ಎಸೆಯುವುದು, ಮೊಬೈಲ್ ಹಿಡಿದು ಆನೆಯ ಹಿಂದೆ ಓಡುವುದು ರಕ್ಷಣೆಯಲ್ಲ. ಹಿಂಸೆಗೆ ಕೆರಳಿದ ಆನೆ ಮರುದಿನ ಎದುರಾಗುವುದು ದಾರಿಯಲ್ಲಿ ನಡೆದುಹೋಗುವ ಬಡವನಿಗೆ.

ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ 'ಎಲಿಫೆಂಟ್ ಬಾಯ್' ಚಿತ್ರವನ್ನು ಒಮ್ಮೆ ತೋರಿಸಬೇಕು. ನೋಡಿದ ಮೇಲೆ ತಪ್ಪು ಯಾರದು ಎಂದು ಅವರನ್ನೇ ಕೇಳಬೇಕು. ಹೊಡೆದ ಮಾವುತನದೇ, ಹಿಂಡನ್ನು ಸೆರೆಹಿಡಿದವರದೂ ಹೌದೇ ಎಂದು ಮಕ್ಕಳು ಚರ್ಚಿಸಲಿ. ಅದರ ಜೊತೆಗೆ, ಅಕ್ಷರ ಬಾರದ ಮಾವುತರ ಮನೆಯಲ್ಲಿ ಹುಟ್ಟಿ, ತಂದೆಯ ವೃತ್ತಿಯ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು, ದೊರೆತ ಶಾಲೆಯನ್ನು ಸದುಪಯೋಗಪಡಿಸಿಕೊಂಡ ಕಾರಾಪುರದ ಅನಾಥ ಬಾಲಕನೊಬ್ಬನಿದ್ದನೆಂಬುದನ್ನೂ ಅವರು ತಿಳಿಯಲಿ. ಇಂದಿಗೂ ಆನೆ ಶಿಬಿರಗಳಲ್ಲಿ ಮಾವುತರ, ಕಾವಾಡಿಗಳ ಮಕ್ಕಳು ಬೆಳೆಯುತ್ತಿದ್ದಾರೆ. ಅವರ ಕೈಗೆ ಪುಸ್ತಕ ತಲುಪಿಸುವ ಕೆಲಸ ಸಾಬುವಿನ ನೆನಪಿಗೆ ನಾವು ಸಲ್ಲಿಸಬಹುದಾದ ಗೌರವ.