ಅಧ್ಯಾಪಕರ ಮಾತಿಗೆ ಕಿವಿಗೊಟ್ಟ ಸಂತ

ಪ್ರತಿವರ್ಷ ಏಪ್ರಿಲ್ 7ರಂದು ಧರ್ಮಸಭೆ ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್‌ರನ್ನು ಸ್ಮರಿಸುತ್ತದೆ. ಇವರು ಅಧ್ಯಾಪಕರ ಪಾಲಕ ಸಂತರು. ಬಡಮಕ್ಕಳಿಗಾಗಿ ಶಾಲೆ ತೆರೆದ ಪುಣ್ಯಾತ್ಮರೆಂದು ಅವರನ್ನು ಬಲ್ಲವರು ಅನೇಕರಿದ್ದಾರೆ. ಆದರೆ ಆ ಶಾಲೆಗಳಲ್ಲಿ ದುಡಿದ ಅಧ್ಯಾಪಕರೊಡನೆ ಅವರು ಹೇಗೆ ನಡೆದುಕೊಂಡರು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಶಾಲೆಯ ರೀತಿನೀತಿಗಳನ್ನೇ ಬದಲಿಸಿದ ಈ ಸಂತರು ಆ ಬದಲಾವಣೆಯನ್ನು ಒಬ್ಬಂಟಿಯಾಗಿ ಮಾಡಲಿಲ್ಲ. ಅಧ್ಯಾಪಕರನ್ನು ಕೇಳಿ, ಅವರೊಡನೆ ಕುಳಿತು ಚರ್ಚಿಸಿ ಮಾಡಿದರು.

ಫ್ರಾನ್ಸ್ ದೇಶದ ರೀಮ್ಸ್ ನಗರದಲ್ಲಿ 1651ರ ಏಪ್ರಿಲ್ 30ರಂದು ಅವರು ಜನಿಸಿದರು. ತಂದೆ ನ್ಯಾಯಾಲಯದ ಅಧಿಕಾರಿ, ಸಿರಿವಂತ ಮನೆತನ, ಮನೆಗೆ ಇವರೇ ಹಿರಿಯ ಮಗ. ಹದಿನಾರು ತುಂಬುವ ಮೊದಲೇ, 1667ರಲ್ಲಿ, ರೀಮ್ಸ್ ಪ್ರಧಾನಾಲಯದ ಕ್ಯಾನನ್ ಪದವಿ ದೊರೆಯಿತು. ಅದು ಗೌರವವೂ ಆದಾಯವೂ ಇದ್ದ ಸ್ಥಾನ. ಪ್ಯಾರಿಸಿನ ಗುರುಮಠದಲ್ಲಿ ಓದುತ್ತಿದ್ದಾಗ 1671ರಲ್ಲಿ ತಾಯಿಯನ್ನೂ 1672ರಲ್ಲಿ ತಂದೆಯನ್ನೂ ಕಳೆದುಕೊಂಡರು. ಊರಿಗೆ ಮರಳಿ ತಮ್ಮ ತಂಗಿಯರ ಹೊಣೆ ಹೊತ್ತರು. 1678ರಲ್ಲಿ ಗುರುದೀಕ್ಷೆ ಪಡೆದರು. ಶಾಲೆ ನಡೆಸುವ ಯೋಚನೆ ಅವರ ಮನಸ್ಸಿನಲ್ಲಿ ಇರಲೇ ಇಲ್ಲ.

1679ರಲ್ಲಿ ಏಡ್ರಿಯನ್ ನಿಯೆಲ್ ಎಂಬ ಶ್ರೀಸಾಮಾನ್ಯ ಕ್ರೈಸ್ತರು ಬಡ ಹುಡುಗರಿಗೆ ಉಚಿತ ಶಾಲೆ ತೆರೆಯುವ ಆಸೆಯಿಂದ ರೂವಾನ್ ಪಟ್ಟಣದಿಂದ ರೀಮ್ಸ್‌ಗೆ ಬಂದರು. ಲಾ ಸಾಲ್ ಸ್ವಾಮಿಗಳು ಅವರಿಗೆ ನೆರವಾದರು. ಶಾಲೆ ಆರಂಭವಾಯಿತು; ಅದೇ ವರ್ಷ ಇನ್ನೊಂದೂ ಆಯಿತು. ಆದರೆ ನಿಯೆಲ್‌ರದು ಒಂದೆಡೆ ನಿಲ್ಲುವ ಸ್ವಭಾವವಲ್ಲ. ಹೊಸ ಹೊಸ ಶಾಲೆ ತೆರೆಯಲು ಊರೂರು ಸುತ್ತುತ್ತಿದ್ದರು. ಇತ್ತ ಅಧ್ಯಾಪಕರನ್ನು ವಿಚಾರಿಸುವವರೇ ಇರಲಿಲ್ಲ. ಅವರು ಹೆಚ್ಚು ಓದಿದವರಲ್ಲ, ಕೈಯಲ್ಲಿ ಕಾಸಿಲ್ಲದವರು, ಕಲಿಸುವ ತರಬೇತಿ ಪಡೆಯದವರು.

ಮೊದಲ ಪಾಠ

ಸ್ವಾಮಿಗಳು ಮೊದಲು ಈ ಅಧ್ಯಾಪಕರಿಗೆ ತಮ್ಮ ಮನೆಯ ಸಮೀಪ ಬಾಡಿಗೆ ಮನೆ ಹಿಡಿದುಕೊಟ್ಟರು. ಆಮೇಲೆ ತಮ್ಮಲ್ಲೇ ಊಟಕ್ಕೆ ಕರೆದರು. 1681ರ ಜೂನ್ 24ರಂದು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಹಿಂದೆ ಇಂಥವರನ್ನು ತಾವು ಮನೆಯಾಳಿಗಿಂತ ಕೆಳಗಿನವರೆಂದು ಎಣಿಸಿದ್ದುದನ್ನು ಅವರೇ ಮುಂದೆ ಬರೆದಿಟ್ಟಿದ್ದಾರೆ. ಅಂಥವರನ್ನು ಪಂಕ್ತಿಯಲ್ಲಿ ಕೂರಿಸಿಕೊಂಡದ್ದು ಬಂಧುಗಳಿಗೆ ಸಹಿಸಲಾಗದ ಅವಮಾನವಾಯಿತು. ಅವರು ಲಾ ಸಾಲ್‌ರ ತಮ್ಮಂದಿರನ್ನು ಆ ಮನೆಯಿಂದ ಬಿಡಿಸಿಕೊಂಡು ಹೋದರು.

ಇಷ್ಟೆಲ್ಲ ತ್ಯಾಗ ಮಾಡಿದರೂ ಫಲ ದೊರೆಯಲಿಲ್ಲ. ಏಳುವ ಹೊತ್ತು, ಪ್ರಾರ್ಥನೆಯ ಹೊತ್ತು, ಊಟದ ಹೊತ್ತು ಎಲ್ಲವೂ ಕಟ್ಟುನಿಟ್ಟಾದ ಆ ಬಾಳು ಮೊದಲಿನ ಅಧ್ಯಾಪಕರಿಗೆ ಒಗ್ಗಲಿಲ್ಲ. ಕೆಲವೇ ತಿಂಗಳಲ್ಲಿ ಬಹುಪಾಲು ಮಂದಿ ಬಿಟ್ಟು ಹೋದರು. ನಿಯಮ ಒಳ್ಳೆಯದಾಗಿದ್ದರೆ ಸಾಲದು. ಅದನ್ನು ಪಾಲಿಸಬೇಕಾದವರ ಮನಸ್ಸೂ ಅದರಲ್ಲಿ ಸೇರಿರಬೇಕು. ಮುಂದೆ ಲಾ ಸಾಲ್‌ರು ನಡೆದ ಹಾದಿಯನ್ನು ನೋಡಿದರೆ ಈ ಪಾಠ ವ್ಯರ್ಥವಾಗಲಿಲ್ಲ ಎಂದು ತಿಳಿಯುತ್ತದೆ.

ಹೊಸ ಅಧ್ಯಾಪಕರು ಬಂದರು. 1682ರಲ್ಲಿ ಸ್ವಾಮಿಗಳು ತಮ್ಮ ಹಿರಿಯರ ಮನೆಯನ್ನು ಬಿಟ್ಟು ಅವರೊಡನೆ ಬಡವರ ಬೀದಿಯೊಂದರ ಮನೆಗೆ ಹೋಗಿ ನೆಲೆಸಿದರು. ಆದರೂ ಅವರ ಅಂಜಿಕೆ ಹೋಗಲಿಲ್ಲ. ನಾಳೆ ಶಾಲೆ ಮುಚ್ಚಿದರೆ, ಕಾಯಿಲೆ ಬಿದ್ದರೆ, ಮುಪ್ಪು ಬಂದರೆ ನಮ್ಮ ಗತಿಯೇನು ಎಂಬ ಚಿಂತೆ ಅವರನ್ನು ಕಾಡುತ್ತಿತ್ತು. ದೇವರ ಪಾಲನೆಯಲ್ಲಿ ಭರವಸೆ ಇಡಿರೆಂದು ಸ್ವಾಮಿಗಳು ಉಪದೇಶಿಸಿದಾಗ ಅವರು ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು. ಸ್ವಾಮಿಗಳಿಗೆ ಆಸ್ತಿಯಿದೆ, ಕ್ಯಾನನ್ ಪದವಿಯ ವರಮಾನವಿದೆ, ಆದ್ದರಿಂದ ಭರವಸೆಯ ಮಾತಾಡುವುದು ಅವರಿಗೆ ಸುಲಭ. ಶಾಲೆ ನಿಂತರೆ ಬೀದಿಗೆ ಬೀಳುವವರು ತಾವು ಎಂಬುದೇ ಅವರ ಮಾತಿನ ಸಾರಾಂಶ.

ಇಂಥ ಮಾತು ಕೇಳಿದ ಯಾವ ಯಜಮಾನನಾದರೂ ಸಿಟ್ಟಾಗಬಹುದಿತ್ತು. ಲಾ ಸಾಲ್‌ರು ಸಿಟ್ಟಾಗಲಿಲ್ಲ. ಮಾತು ನಿಜವೆಂದು ಕಂಡಿತು. ಪ್ಯಾರಿಸಿನಲ್ಲಿದ್ದ ನಿಕೊಲಾಸ್ ಬಾರೆ ಎಂಬ ಪೂಜ್ಯ ಗುರುಗಳ ಸಲಹೆ ಕೇಳಿದರು, ಪ್ರಾರ್ಥಿಸಿದರು. 1683ರಲ್ಲಿ ಕ್ಯಾನನ್ ಪದವಿಯನ್ನು ಬಿಟ್ಟುಕೊಟ್ಟರು. ಅದನ್ನು ಸ್ವಂತ ತಮ್ಮನಿಗೆ ಕೊಡಿಸದೆ ಬಡ ಗುರುವೊಬ್ಬರಿಗೆ ದೊರೆಯುವಂತೆ ಮಾಡಿದರು. 1684ರ ಚಳಿಗಾಲದಲ್ಲಿ ಬರಗಾಲ ಬಡಿದಾಗ ತಮ್ಮ ಆಸ್ತಿಯನ್ನು ಹಸಿದವರ ರೊಟ್ಟಿಗಾಗಿ ಹಂಚಿಬಿಟ್ಟರು. ಆ ಹಣವನ್ನು ಶಾಲೆಗಳಿಗೇ ಇಡಬಹುದಿತ್ತು, ಇಡಲಿಲ್ಲ. ಅಂದಿನಿಂದ ಅವರೂ ಅಧ್ಯಾಪಕರೂ ಒಂದೇ ಪಂಕ್ತಿಯವರಾದರು.

ಕೂಡಿ ಕುಳಿತು ತೀರ್ಮಾನ

1680ರ ದಶಕದ ಮಧ್ಯಭಾಗದಲ್ಲಿ ಲಾ ಸಾಲ್‌ರು ಪ್ರಮುಖ ಅಧ್ಯಾಪಕರನ್ನು ಸೇರಿಸಿ ಸಭೆ ನಡೆಸಿದರು. ಊಟ ಹೇಗಿರಬೇಕು, ಉಡುಪು ಯಾವುದು, ತಮ್ಮನ್ನು ತಾವು ಏನೆಂದು ಕರೆದುಕೊಳ್ಳಬೇಕು, ವ್ರತ ತೆಗೆದುಕೊಳ್ಳಬೇಕೇ ಎಂಬ ವಿಷಯಗಳು ಚರ್ಚೆಗೆ ಬಂದವು. ‘ಮೇಷ್ಟರು’ ಎಂಬುದರ ಬದಲು ‘ಸಹೋದರರು’ ಎಂಬ ಹೆಸರು ನಿಂತಿತು. ಆಜೀವ ವ್ರತಕ್ಕೆ ಆತುರಪಡದೆ ಸೀಮಿತ ಅವಧಿಗೆ ಮಾತ್ರ ವಿಧೇಯತೆಯ ವ್ರತ ಎಂದಾಯಿತು. ಆಜೀವ ವ್ರತ ಬಂದದ್ದು 1694ರಲ್ಲಿ, ಹನ್ನೆರಡು ಮಂದಿ ಸಹೋದರರೊಂದಿಗೆ. ಅದರ ಮರುದಿನವೇ, ನಿಮ್ಮಲ್ಲೊಬ್ಬರನ್ನು ಮುಖ್ಯಸ್ಥರನ್ನಾಗಿ ಆರಿಸಿಕೊಳ್ಳಿರೆಂದು ಅವರು ಕೇಳಿಕೊಂಡರು. ಸಹೋದರರು ಎರಡು ಸಲವೂ ಅವರನ್ನೇ ಆರಿಸಿದರು.

ತರಗತಿಯ ಒಳಗೂ ಹೀಗೆಯೇ ನಡೆಯಿತು. ಆ ಕಾಲದಲ್ಲಿ ಮೇಷ್ಟರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಪಾಠ ಹೇಳುತ್ತಿದ್ದರು. ಉಳಿದವರು ಗದ್ದಲ ಮಾಡುತ್ತ ಕುಳಿತಿರುತ್ತಿದ್ದರು. ಅಕ್ಷರ ಕಲಿಯಲು ಬಂದ ಪುಟ್ಟ ಮಕ್ಕಳು ಮೊದಲು ಓದಬೇಕಾಗಿದ್ದದ್ದು ಲತೀನ್ ಭಾಷೆಯನ್ನು. ಸಹೋದರರ ಶಾಲೆಗಳಲ್ಲಿ ಮಕ್ಕಳನ್ನು ಅವರವರ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಒಟ್ಟಿಗೆ ಕಲಿಸಲಾಯಿತು. ಮನೆಮಾತಾದ ಫ್ರೆಂಚ್‌ನಲ್ಲೇ ಓದು ಆರಂಭವಾಯಿತು.

ಶಾರ್ಟ್ರ್ ಪಟ್ಟಣದ ಬಿಷಪರಿಗೆ ಇದು ಸರಿಬರಲಿಲ್ಲ, ಲತೀನ್ ಮೊದಲಾಗಬೇಕೆಂದರು. ಲಾ ಸಾಲ್‌ರು ವಿನಯದಿಂದಲೇ ಕಾರಣಗಳನ್ನು ಬರೆದು ಒಪ್ಪಿಸಿದರು. ಬಡವರ ಮಕ್ಕಳು ಶಾಲೆಯಲ್ಲಿರುವುದು ಸ್ವಲ್ಪ ಕಾಲ. ಬೇಗನೆ ದುಡಿಮೆಗೆ ಹೋಗುತ್ತಾರೆ. ಅಷ್ಟರಲ್ಲಿ ಲತೀನೂ ಬಾರದು, ಫ್ರೆಂಚೂ ಬಾರದು. ಫ್ರೆಂಚ್ ಓದಲು ಬಂದರೆ ಧರ್ಮೋಪದೇಶದ ಪುಸ್ತಕವನ್ನು ಬಾಳಿಡೀ ಓದಿಕೊಂಡಾರು. ಈ ವಾದ ಹುಟ್ಟಿದ್ದು ತರಗತಿಯ ಅನುಭವದಿಂದ.

ಈ ಅನುಭವವೆಲ್ಲ ‘ಕ್ರೈಸ್ತ ಶಾಲೆಗಳ ನಡಾವಳಿ’ ಎಂಬ ಪುಸ್ತಕವಾಯಿತು. ಇದರ ಹಸ್ತಪ್ರತಿ 1706ರದು. ಅಚ್ಚಾದದ್ದು ಸಂತರ ಮರಣದ ಬಳಿಕ, 1720ರಲ್ಲಿ. ಮಗು ಶಾಲೆಗೆ ಕಾಲಿಡುವುದರಿಂದ ಹಿಡಿದು ಬೆಳಗಿನ ತಿಂಡಿ, ಓದು, ಬರಹ, ಗೈರುಹಾಜರಿ, ತಿದ್ದುವ ಕ್ರಮದವರೆಗೆ ಎಲ್ಲವೂ ಅದರಲ್ಲಿದೆ. ಪ್ರತಿ ಮಗುವಿನ ಗುಣಸ್ವಭಾವವನ್ನು ಬರೆದಿಡುವ ಪಟ್ಟಿಯೂ ಇದೆ. ಆದರೆ ಇದನ್ನು ಲಾ ಸಾಲ್‌ರು ಕೋಣೆಯಲ್ಲಿ ಒಬ್ಬರೇ ಕುಳಿತು ಬರೆಯಲಿಲ್ಲ. ಹಿರಿಯರೂ ಸಮರ್ಥರೂ ಆದ ಸಹೋದರರೊಡನೆ ಅನೇಕ ಸಭೆಗಳಲ್ಲಿ ಚರ್ಚಿಸಿ, ಹಲವು ವರ್ಷ ತರಗತಿಯಲ್ಲಿ ನಡೆಸಿ ನೋಡಿ, ಸಾಧಕ ಬಾಧಕಗಳನ್ನು ತೂಗಿದ ಮೇಲೆ ಬರೆದದ್ದೆಂದು ಅದರ ಮುನ್ನುಡಿಯಲ್ಲಿದೆ.

ಕೊನೆಯ ವಿಧೇಯತೆ

ಕಷ್ಟಗಳೂ ಬಂದವು. ಉಚಿತ ಶಾಲೆಯಿಂದ ತಮ್ಮ ಸಂಪಾದನೆಗೆ ಕುಂದೆಂದು ಪ್ಯಾರಿಸಿನ ಬರಹದ ಮೇಷ್ಟರು ನ್ಯಾಯಾಲಯದ ಮೆಟ್ಟಿಲೇರಿದರು. ಮಾರ್ಸೇಲ್ಸ್‌ನಲ್ಲಿ ತೆರೆದ ತರಬೇತಿ ಮನೆ ಉಳಿಯಲಿಲ್ಲ. ತಮ್ಮಿಂದಲೇ ಸಂಸ್ಥೆಗೆ ಕೇಡಾಗುತ್ತಿದೆಯೇನೋ ಎಂಬ ಶಂಕೆಯಿಂದ ಲಾ ಸಾಲ್‌ರು ದಕ್ಷಿಣ ಫ್ರಾನ್ಸಿನಲ್ಲಿ ದೂರವೇ ಉಳಿದರು. ಆಗ, 1714ರ ಏಪ್ರಿಲ್ 1ರಂದು, ಪ್ಯಾರಿಸ್ ಸುತ್ತಿನ ಪ್ರಮುಖ ಸಹೋದರರು ಸೇರಿ ಪತ್ರ ಬರೆದರು. ಸಂಸ್ಥೆಗೆ ಅವರು ಮಾಡಿದ್ದ ವಿಧೇಯತೆಯ ವ್ರತವನ್ನು ನೆನಪಿಸಿ, ಕೂಡಲೇ ಮರಳಬೇಕೆಂದು ಆಜ್ಞಾಪಿಸಿದರು. ಶಿಷ್ಯರು ಗುರುವಿಗೆ ಕೊಟ್ಟ ಆಜ್ಞೆಯದು! ಲಾ ಸಾಲ್‌ರು ತಲೆಬಾಗಿದರು. ಆಗಸ್ಟ್‌ನಲ್ಲಿ ಪ್ಯಾರಿಸಿಗೆ ಬಂದು ಅವರ ಮುಂದೆ ನಿಂತರು.

1717ರಲ್ಲಿ ಅವರ ಬಹುಕಾಲದ ಆಸೆ ಈಡೇರಿತು. ಅದಕ್ಕೆ ಮುಂಚೆ ಸಹೋದರ ಬಾರ್ತೆಲೆಮಿಯವರು ಮನೆಮನೆಗೆ ಸಂಚರಿಸಿ ಸಹೋದರರ ಒಪ್ಪಿಗೆಯ ಸಹಿ ಪಡೆದು ಬಂದಿದ್ದರು. ರೂವಾನ್‌ನಲ್ಲಿ ಸಭೆ ಕೂಡಿ ಅವರನ್ನೇ ಹೊಸ ಮುಖ್ಯಸ್ಥರನ್ನಾಗಿ ಆರಿಸಿತು. ನಿಯಮಾವಳಿಯಲ್ಲಿ ಆಗಬೇಕಾದ ತಿದ್ದುಪಡಿಗಳನ್ನು ಸಹೋದರರು ಸೂಚಿಸಿದರು; ಲಾ ಸಾಲ್‌ರು ತಿದ್ದಿ ಬರೆದರು. ಕೊನೆಯ ಎರಡು ವರ್ಷ ಎಲ್ಲರಂತೆ ಒಬ್ಬ ಸದಸ್ಯರಾಗಿ ಬಾಳಿ, 1719ರ ಏಪ್ರಿಲ್ 7ರಂದು, ಶುಭ ಶುಕ್ರವಾರ, ಪ್ರಭುವಿನಲ್ಲಿ ನಿದ್ರಿಸಿದರು. 1900ರಲ್ಲಿ ಪೋಪ್ ಹದಿಮೂರನೆಯ ಲಿಯೋರವರು ಅವರನ್ನು ಸಂತರೆಂದು ಘೋಷಿಸಿದರು. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್‌ರವರು ಅಧ್ಯಾಪಕರ ಪಾಲಕ ಸಂತರೆಂದು ಸಾರಿದರು.

ಪ್ರಿಯ ಓದುಗರೇ, ನಮ್ಮ ಶಿಶುವಿಹಾರಗಳಲ್ಲೂ ಶಾಲೆಗಳಲ್ಲೂ ಬದಲಾವಣೆ ಬರುತ್ತಲೇ ಇರುತ್ತದೆ. ಹೊಸ ಪಠ್ಯ, ಹೊಸ ವೇಳಾಪಟ್ಟಿ, ಹೊಸ ಆಡಳಿತ. ಆದೇಶದ ಕಾಗದ ಗೋಡೆಗೆ ಅಂಟಿಸುವುದು ಸುಲಭ. ಆದರೆ ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವ ಟೀಚರಮ್ಮನಿಗೆ ತಿಳಿದಿರುವುದು ಕಚೇರಿಯಲ್ಲಿ ಕುಳಿತವರಿಗೆ ತಿಳಿದಿರುವುದಿಲ್ಲ. ಆಡಳಿತದ ಹೊಣೆ ಹೊತ್ತವರು ಮೊದಲು ಆಕೆಯನ್ನು ಕೇಳಲಿ. ಕೇಳಿದ ಮೇಲೆ ಬಂದ ಉತ್ತರ ಕಹಿಯಾಗಿದ್ದರೂ ಲಾ ಸಾಲ್‌ರಂತೆ ಅದರಲ್ಲಿ ಸತ್ಯವಿದೆಯೇ ಎಂದು ನೋಡಲಿ. ಅಧ್ಯಾಪಕರೂ ಅಂಜದೆ, ಗೌರವ ಬಿಡದೆ ಮನಸ್ಸಿನಲ್ಲಿರುವುದನ್ನು ಹೇಳಲಿ. ಅದರ ಫಲ ಕೊನೆಗೆ ದೊರೆಯುವುದು ನಮ್ಮ ಮಕ್ಕಳಿಗೆ.